ವಿಮಾನ ಸರಕು ಸಾಗಣೆಯಲ್ಲಿ ಕೊಡಗಿಗೆ ಪಾಲುಂಟೆ?

ಪ್ರಶ್ನೆ (ವಿರಾಜಪೇಟೆಯ ಕಾಫಿ ಬೆಳೆಗಾರ):
ಜಗತ್ತಿನ ವ್ಯಾಪಾರದಲ್ಲಿ ವಿಮಾನದ ಮೂಲಕ ಸಾಗುವ ಸರಕು ತೂಕದಲ್ಲಿ ಶೇ. 1ರಷ್ಟೂ ಇಲ್ಲ, ಆದರೆ ಬೆಲೆಯ ಲೆಕ್ಕದಲ್ಲಿ ಅದು ಸುಮಾರು ಮೂರನೇ ಒಂದು ಭಾಗ ಎನ್ನುತ್ತಾರೆ. ನಮ್ಮ ಕಾಫಿ ಮಂಗಳೂರು, ಕೊಚ್ಚಿ ಬಂದರುಗಳಿಂದ ಹಡಗಿನಲ್ಲಿ ಹೋಗುತ್ತದೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದಾಗ, ಕೇರಳದ ಕಡೆಗಿನ ಮಾಕುಟ್ಟ ಘಾಟಿ ಇಳಿದರೆ ಹೊರದೇಶದ ಮಾರುಕಟ್ಟೆ ಕೈಗೆಟುಕಿತು ಎಂದೇ ನಾವು ಎಣಿಸಿದ್ದೆವು. ಈ ಉದ್ಯಮಕ್ಕೆ ಇಷ್ಟು ಮಹತ್ವ ಬಂದದ್ದು ಹೇಗೆ, ಅದರಿಂದ ನಮ್ಮ ಜಿಲ್ಲೆಗೆ ಪ್ರಯೋಜನವೇನು? ಬಲ್ಲವರು ತಿಳಿಸಬೇಕು.

ಉತ್ತರ 1 (ಊರು ಸೋಮವಾರಪೇಟೆ, ಬೆಂಗಳೂರಿನಲ್ಲಿ ಫಾರ್ವರ್ಡಿಂಗ್, ಅಂದರೆ ಸರಕು ಕಳುಹಿಸುವ ಏರ್ಪಾಡಿನ ಕೆಲಸ):
ಸರ್, ತಡವಾದರೆ ಬೆಲೆ ಕಳೆದುಕೊಳ್ಳುವ ಸರಕು ವಿಮಾನ ಹತ್ತುತ್ತದೆ: ಮೊಬೈಲು, ಎಲೆಕ್ಟ್ರಾನಿಕ್ ಚಿಪ್, ಲಸಿಕೆ, ಹೂವು. ಒಂದು ಬಿಡಿಭಾಗ ಬಾರದೆ ಕಾರ್ಖಾನೆ ನಿಂತರೆ ಆಗುವ ನಷ್ಟದ ಮುಂದೆ ವಿಮಾನದ ಬಾಡಿಗೆ ಏನೂ ಅಲ್ಲ. ಬೇಕೆಂದಾಗ ಎರಡು ದಿನದಲ್ಲಿ ತರಿಸಬಹುದೆಂಬ ಭರವಸೆ ಇರುವುದರಿಂದಲೇ ಕಂಪನಿಗಳು ಗೋದಾಮಿನಲ್ಲಿ ತಿಂಗಳುಗಟ್ಟಲೆ ದಾಸ್ತಾನು ಇಡದೆ, ಒಂದೇ ಯಂತ್ರದ ಭಾಗಗಳನ್ನು ನಾಲ್ಕಾರು ದೇಶಗಳಲ್ಲಿ ಮಾಡಿಸುವ ಧೈರ್ಯ ತೋರುತ್ತವೆ.

ಇನ್ನೊಂದು ಸಂಗತಿಯಿದೆ. ಕೋವಿಡ್‌ಗೆ ಮುಂಚೆ ಈ ಸರಕಿನ ಸುಮಾರು ಅರ್ಧದಷ್ಟು ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲೇ ಹೋಗುತ್ತಿತ್ತು. 2020ರ ಮಾರ್ಚಿನಲ್ಲಿ ಆ ವಿಮಾನಗಳು ನಿಂತಾಗ ಬಾಡಿಗೆ ಹಲವು ಪಟ್ಟು ಏರಿತು. ಸೀಟುಗಳ ಮೇಲೆ ಮಾಸ್ಕಿನ ಪೆಟ್ಟಿಗೆಗಳನ್ನು ಕಟ್ಟಿ ಹಾರಿಸಿದ್ದೂ ಉಂಟು. ಸರಕಿಗೆ ಪ್ರಯಾಣಿಕರ ವಿಮಾನದ ಹೊಟ್ಟೆಯನ್ನೇ ನಂಬಬೇಕಾದದ್ದು ಕಣ್ಣೂರಿನ ತೊಡಕೂ ಹೌದು. ವರ್ಷಗಳು ಕಳೆದರೂ ವಿದೇಶಿ ವಿಮಾನ ಸಂಸ್ಥೆಗಳಿಗೆ ಅಲ್ಲಿಂದ ಹಾರಲು ಅನುಮತಿ ಸಿಗಲಿಲ್ಲ, ಕೊಲ್ಲಿ ದೇಶಗಳಿಗೆ ಹೋಗುವ ಚಿಕ್ಕ ವಿಮಾನಗಳಲ್ಲಿ ಪ್ರಯಾಣಿಕರ ಲಗೇಜು ತುಂಬಿದ ಮೇಲೆ ಉಳಿಯುವ ಜಾಗ ಅಷ್ಟಕ್ಕಷ್ಟೆ.

ಉತ್ತರ 2 (ಕುಶಾಲನಗರ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ನೌಕರ):
ಕಾಫಿಯೂ ವಿಮಾನ ಹತ್ತುತ್ತದೆ, ಆದರೆ ಪೊಟ್ಟಣದ ಲೆಕ್ಕದಲ್ಲಿ. 20 ಅಡಿಯ ಕಂಟೇನರಿನಲ್ಲಿ ಸುಮಾರು 19 ಟನ್ ಬೀಜ ಹಡಗಿಗೆ ಹೋಗುವ ಮುಂಚೆ, ಅದೇ ಲಾಟಿನ ಕೆಲವು ನೂರು ಗ್ರಾಂ ಸ್ಯಾಂಪಲ್ ಕೊರಿಯರಿನಲ್ಲಿ ಇಟಲಿಗೋ ಜರ್ಮನಿಗೋ ಹಾರುತ್ತದೆ. ಅಲ್ಲಿಯವರು ಹುರಿದು, ರುಚಿ ನೋಡಿ ಒಪ್ಪಿದ ಮೇಲೆ ಮಾಲು ಹೊರಡುತ್ತದೆ. ಆ ಪೊಟ್ಟಣವೂ ಹಡಗಿನಲ್ಲೇ ಹೋಗುವುದಾಗಿದ್ದರೆ, ಉತ್ತರ ಬರುವಷ್ಟರಲ್ಲಿ ಧಾರಣೆ ಎಲ್ಲಿರುತ್ತಿತ್ತೋ!

2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದಾಗ ಯುರೋಪಿನ ದಾರಿ ಒಂದೂವರೆ, ಎರಡು ವಾರ ಹೆಚ್ಚಾಯಿತು. ಸಿದ್ಧ ಉಡುಪಿನವರು ಒಂದಷ್ಟು ಮಾಲನ್ನು ವಿಮಾನಕ್ಕೆ ಹಾಕಿದರು, ಕಾಫಿಯವರು ಕಾದರು. ಒಣಗಿದ ಬೀಜ ಎರಡು ವಾರದಲ್ಲಿ ಕೆಡುವುದಿಲ್ಲ, ವಿಮಾನದ ಬಾಡಿಗೆ ಮಾತ್ರ ಲಾಭವನ್ನೆಲ್ಲ ನುಂಗುತ್ತದೆ.

ಉತ್ತರ 3 (ಮಡಿಕೇರಿ, ಆಂಥೂರಿಯಂ ಬೆಳೆಗಾರ್ತಿ):
ಹೂವಿನವರ ಲೆಕ್ಕ ಬೇರೆ. ಕೀನ್ಯಾದ ಹೂ ಬೇಸಾಯ ನೈರೋಬಿಯಿಂದ ನೆದರ್ಲೆಂಡ್ಸಿಗೆ ಹಾರುವ ವಿಮಾನಗಳನ್ನು ನಂಬಿಯೇ ಬೆಳೆದಿದೆ, ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಅನ್ನ ಕೊಡುತ್ತದೆ. ಬೆಂಗಳೂರಿನಿಂದಲೂ ಫೆಬ್ರುವರಿಯಲ್ಲಿ ಗುಲಾಬಿ ರಾಶಿರಾಶಿಯಾಗಿ ಹೋಗುತ್ತದೆ. ಆದರೆ ವಿಮಾನದವರು 6,000 ಘನ ಸೆಂ.ಮೀ. ಜಾಗವನ್ನು 1 ಕೆ.ಜಿ. ಎಂದು ಎಣಿಸಿ, ಅದು ಮತ್ತು ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಕೇಳುತ್ತಾರೆ. 100 ಸೆಂ.ಮೀ. ಉದ್ದ, 40 ಅಗಲ, 20 ಎತ್ತರದ ಪೆಟ್ಟಿಗೆಗೆ 13 ಕೆ.ಜಿ.ಗೂ ಹೆಚ್ಚಿನ ಬಾಡಿಗೆ ಬೀಳುತ್ತದೆ, ಒಳಗಿನ ಆಂಥೂರಿಯಂ ಅದರ ಅರ್ಧದಷ್ಟೂ ತೂಗುವುದಿಲ್ಲ. ಹೂವಿನ ರಫ್ತಿಗೆ ಕೈಹಾಕುವವರು ಘಾಟಿಯ ದೂರಕ್ಕಿಂತ ಮೊದಲು ಪೆಟ್ಟಿಗೆಯ ಅಳತೆಯನ್ನು ನೋಡುವುದು ಒಳ್ಳೆಯದು.