ಯಾಜಕಕಾಂಡದ ‘ಜ್ಞಾಪಕ’ದ ಹಿಡಿ: ಯಾರು ಯಾರನ್ನು ನೆನೆಯುವುದು?

ಸುನೀತಾ: ಮೇಡಂ, ನಮಸ್ಕಾರ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಬೈಬಲ್ಲಿನ ಯಾಜಕಕಾಂಡ ಶುರು ಮಾಡಿದ್ದೇನೆ. ಎರಡನೆಯ ಅಧ್ಯಾಯದಲ್ಲಿ ಯಾಜಕ ಧಾನ್ಯನೈವೇದ್ಯದಿಂದ ಒಂದು ಹಿಡಿ ತೆಗೆದು ‘ಜ್ಞಾಪಕಾರ್ಥವಾಗಿ’ ಯಜ್ಞವೇದಿಯ ಮೇಲೆ ಸುಡುತ್ತಾನೆ. ಯಾರ ಜ್ಞಾಪಕ? ನಮ್ಮಲ್ಲಿ ಸ್ಮರಣೆಯ ಕೂಟ ಅಂದರೆ ತೀರಿಕೊಂಡವರಿಗಾಗಿ ಇಡುವುದು. ಸಾಲದ್ದಕ್ಕೆ ಒಬ್ಬ ಹುಡುಗ, “ಟೀಚರ್, ದೇವರಿಗೂ ಮರೆವು ಇದೆಯಾ?” ಅಂದ. ಮುಂದಿನ ವಾರ ಹೇಳ್ತೀನಿ ಅಂದು ತಪ್ಪಿಸಿಕೊಂಡಿದ್ದೇನೆ.

ಉತ್ತರ (ಹಳೆಯ ಒಡಂಬಡಿಕೆಯ ಅಧ್ಯಾಪಕಿ): ಸುನೀತಾ ಅವರೇ, ಮೊದಲು ತೀರಿಕೊಂಡವರ ವಿಷಯ ಮುಗಿಸಿಬಿಡೋಣ. ಈ ಹಿಡಿಗೂ ಸತ್ತವರಿಗೂ ಸಂಬಂಧವೇ ಇಲ್ಲ. ಧರ್ಮೋಪದೇಶಕಾಂಡ 26ರಲ್ಲಿ ದಶಮಾಂಶ ಕೊಟ್ಟವನು ದೇವರ ಮುಂದೆ ಲೆಕ್ಕ ಒಪ್ಪಿಸುವಾಗ, ಇದರಲ್ಲಿ ಏನನ್ನೂ ಸತ್ತವರಿಗೆ ಇಟ್ಟಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಇಲ್ಲಿ ದೇವರ ನೆನಪಿಗೆ ಬರಬೇಕಾದವನು ಬದುಕಿರುವವನು, ಹಿಟ್ಟು ತಂದು ಎದುರಿಗೆ ನಿಂತಿರುವವನೇ.

ನಡೆಯುತ್ತಿದ್ದದ್ದು ಹೀಗೆ. ಅವನು ನಯವಾದ ಗೋಧಿಹಿಟ್ಟಿಗೆ ಎಣ್ಣೆ ಹೊಯ್ದು, ಮೇಲೆ ಧೂಪದ ಹರಳು ಇಟ್ಟು ತರುತ್ತಾನೆ. ಬೇಕಾದರೆ ಒಲೆಯಲ್ಲೋ ಕಾವಲಿಯ ಮೇಲೋ ಸುಟ್ಟ ರೊಟ್ಟಿಯಾಗಿ ತರಬಹುದು. ಹುಳಿ ಕೂಡದು, ಜೇನು ಕೂಡದು, ಉಪ್ಪು ಇರಲೇಬೇಕು. ಯಾಜಕ ಅದರಿಂದ ಒಂದು ಹಿಡಿ ತೆಗೆದು ಅಷ್ಟೂ ಧೂಪದೊಡನೆ ವೇದಿಯ ಬೆಂಕಿಗೆ ಹಾಕುತ್ತಾನೆ. ಆ ಹಿಡಿಗೆ ಹೀಬ್ರೂವಿನಲ್ಲಿ ‘ಅಜ್ಕಾರಾ’ ಎಂದು ಹೆಸರು. ಉಳಿದ ಹಿಟ್ಟೆಲ್ಲ ಆರೋನನ ವಂಶದ ಯಾಜಕರ ಪಾಲು. ಅವರು ಅದನ್ನು ಹುಳಿಯಿಲ್ಲದೆ, ದೇವರ ಆರಾಧನೆಯ ಗುಡಾರದ ಅಂಗಳದಲ್ಲೇ ತಿನ್ನಬೇಕು. ನೈವೇದ್ಯ ತಂದವನು ಯಾಜಕನೇ ಆಗಿದ್ದರೆ ಒಂದು ಚೂರೂ ತಿನ್ನುವಂತಿಲ್ಲ, ಪೂರ್ತಿ ಹೋಮ.

ಆ ಒಂದು ಹಿಡಿಯನ್ನು ಯೆಹೂದ್ಯರು ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ ಅಂದರೆ, ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಅವರ ಧರ್ಮನಿಯಮಗಳ ಗ್ರಂಥ ಮಿಷ್ನಾದಲ್ಲಿ ಇದಕ್ಕೇ ನಿಯಮಗಳಿವೆ. ಹಿಡಿ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಹಿಟ್ಟಿನ ಜೊತೆ ಒಂದು ಕಲ್ಲೋ, ಉಪ್ಪಿನ ಹರಳೋ, ಧೂಪದ ಚೂರೋ ಕೈಗೆ ಬಂತೋ, ಅದೂ ಕೆಟ್ಟಿತು. ಯಾಕೆಂದರೆ ಅಷ್ಟು ಜಾಗದ ಹಿಟ್ಟು ಕಡಿಮೆಯಾಯಿತಲ್ಲ! ಮಿಷ್ನಾವನ್ನು ಚರ್ಚಿಸುವ ತಾಲ್ಮೂದ್ ಗ್ರಂಥ ಇನ್ನೂ ಮುಂದೆ ಹೋಗುತ್ತದೆ: ನಡುವಿನ ಮೂರು ಬೆರಳನ್ನು ಅಂಗೈಗೆ ಮಡಚಿ ಹಿಟ್ಟು ತುಂಬಿಕೊಂಡು, ಹೊರಗೆ ಚಾಚಿದ್ದನ್ನು ಮೇಲೆ ಹೆಬ್ಬೆರಳಿನಿಂದ, ಕೆಳಗೆ ಕಿರುಬೆರಳಿನಿಂದ ಸವರಿಬಿಡಬೇಕು. ದೇವಾಲಯದ ಬಹಳ ಕಷ್ಟದ ಕೆಲಸಗಳಲ್ಲಿ ಇದೂ ಒಂದು ಅನ್ನುತ್ತದೆ. ಮನೆಯಲ್ಲಿ ಮಾಡಿ ನೋಡಿ, ಹೌದು ಅನ್ನಿಸುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ? ಆ ಹಿಡಿ ಇಡೀ ಪಾತ್ರೆಯ ಪರವಾಗಿ ಬೆಂಕಿಗೆ ಹೋಗುತ್ತಿದೆ. ಹಿಡಿ ಸಂದರೆ ಎಲ್ಲವೂ ಸಂದಂತೆ, ತಂದವನ ಹೆಸರು ದೇವರ ಸನ್ನಿಧಿಗೆ ಮುಟ್ಟಿದಂತೆ. ಮಹಾಯಾಜಕ ತೊಡುವ ಎಫೋದ್ ಎಂಬ ಮೇಲುಡುಪಿನ ಹೆಗಲ ಮೇಲೆ 2 ಕಲ್ಲುಗಳಲ್ಲಿ ಆರಾರು ಕುಲಗಳ ಹೆಸರು ಕೆತ್ತಿರುತ್ತಿದ್ದದ್ದು ನೆನಪಿದೆಯಲ್ಲ, ವಿಮೋಚನಕಾಂಡ 28? ಅವೂ ಜ್ಞಾಪಕದ ಕಲ್ಲುಗಳೇ. ಯಾಜಕ ಒಳಗೆ ಹೋದಾಗ ಜನರ ಹೆಸರೂ ಒಳಗೆ ಹೋಗುತ್ತದೆ.

ಇನ್ನು ಹುಡುಗನ ಪ್ರಶ್ನೆ. ಈ ಗ್ರಂಥಗಳಲ್ಲಿ ದೇವರು ನೆನಪಿಸಿಕೊಂಡ ಅಂದರೆ ಏನೋ ಮಾಡಲು ಎದ್ದ ಅಂತ ಅರ್ಥ. ನೋಹನನ್ನು ನೆನಪಿಸಿಕೊಂಡ, ಗಾಳಿ ಬೀಸಿತು, ನೀರು ಇಳಿಯಿತು. ಹನ್ನಳನ್ನು ನೆನಪಿಸಿಕೊಂಡ, ಅವಳಿಗೆ ಮಗು ಹುಟ್ಟಿತು. ಅಷ್ಟು ದಿನ ಮರೆತಿದ್ದ ಎಂದು ಯಾರೂ ಹೇಳುತ್ತಿಲ್ಲ. ಹುಡುಗನಿಗೆ ಈ ಎರಡು ಕಥೆ ಹೇಳಿ, ಸಾಕು.

ಶ್ರೀನಿಧಿ: ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ನಿಮ್ಮ ಬೈಬಲ್ಲಿನಲ್ಲೂ ‘ನೈವೇದ್ಯ’ ಎಂದೇ ಇದೆಯಲ್ಲ. ನಮ್ಮ ದೇವಸ್ಥಾನದಲ್ಲಿ ಮಾಡುವ ಹಾಗೆಯೇ ಅಂದುಕೊಳ್ಳಬಹುದಾ?

ಉತ್ತರ: ಅರ್ಧ ದಾರಿಯವರೆಗೆ ಅಂದುಕೊಳ್ಳಬಹುದು. ಆಹಾರ ದೇವರ ಮುಂದೆ ಇಡುವುದು, ಆಮೇಲೆ ಮನುಷ್ಯರು ತಿನ್ನುವುದು, ಎರಡೂ ಕಡೆ ಇದೆ. ಆದರೆ ನೀವು ತಂದ ಅನ್ನ ಪ್ರಸಾದವಾಗಿ ನಿಮ್ಮ ಕೈಗೇ ಬರುತ್ತದೆ. ಇಲ್ಲಿ ಒಂದು ಹಿಡಿ ಬೆಂಕಿಗೆ, ಮಿಕ್ಕಿದ್ದು ಯಾಜಕರಿಗೆ. ತಂದವನಿಗೆ ತುತ್ತೂ ಸಿಗುವುದಿಲ್ಲ. ತಂದವನೂ ಕೂತು ಉಣ್ಣುವುದು ಸಮಾಧಾನಯಜ್ಞದಲ್ಲಿ, ಅದರ ಕ್ರಮವೇ ಬೇರೆ.

ನಿಮಗೆ ಹಿಡಿಸಬಹುದಾದ ಇನ್ನೊಂದು ಯಾಜಕಕಾಂಡ 24ರಲ್ಲಿದೆ. ಚಿನ್ನದ ಮೇಜಿನ ಮೇಲೆ ಆರಾರರ 2 ಸಾಲಿನಲ್ಲಿ 12 ರೊಟ್ಟಿ, ಪ್ರತಿ ಸಾಲಿಗೂ ಶುದ್ಧ ಧೂಪ. ಪ್ರತಿ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿ ದಿನಕ್ಕೆ, ಹೊಸ ರೊಟ್ಟಿ. ಹಳೆಯದನ್ನು ಯಾಜಕರು ತಿನ್ನುತ್ತಾರೆ, ಧೂಪ ಮಾತ್ರ ರೊಟ್ಟಿಯ ಪರವಾಗಿ ಜ್ಞಾಪಕವಾಗಿ ಸುಡುತ್ತದೆ. ರೊಟ್ಟಿ ಬದಲಿಸುವಾಗ ಒಂದು ಕಡೆಯವರು ಹಳೆಯದನ್ನು ಎಳೆಯುತ್ತಿದ್ದಂತೆ ಎದುರಿನವರು ಹೊಸದನ್ನು ಸರಿಸುತ್ತಿದ್ದರು, ಮೇಜು ಒಂದು ಗಳಿಗೆಯೂ ಬರಿದಾಗಬಾರದೆಂದು. ಇದೂ ಮಿಷ್ನಾ ಹೇಳುವುದೇ.

ಪ್ರಭಾಕರ್: ಮೇಡಂ, ಬೈಬಲ್ಲಿನ ಅರಣ್ಯಕಾಂಡ 5ರಲ್ಲಿ ಗಂಡ ಹೆಂಡತಿಯ ಮೇಲೆ ಸಂಶಯಪಟ್ಟು ತರುವ ಜವೆಹಿಟ್ಟಿನ ನೈವೇದ್ಯವನ್ನೂ ಜ್ಞಾಪಕದ ನೈವೇದ್ಯ ಅನ್ನುತ್ತಾರೆ. ಅಲ್ಲಿ ನೆನಪು ಒಳ್ಳೆಯದಕ್ಕೆ ಕಾಣುವುದಿಲ್ಲವಲ್ಲ?

ಉತ್ತರ: ಒಳ್ಳೆಯ ಜಾಗಕ್ಕೇ ಕೈ ಇಟ್ಟಿರಿ. ನೆನಪು ಅಂದರೆ ದೇವರ ಗಮನಕ್ಕೆ ತರುವುದು. ಯಾವುದನ್ನು ತರುತ್ತೀರಿ ಎನ್ನುವುದರ ಮೇಲೆ ಉಳಿದದ್ದು. ಈ ನೈವೇದ್ಯ ತರುವುದು ಅಪರಾಧವನ್ನು. ಅದಕ್ಕೇ ಗೋಧಿ ಇಲ್ಲ, ಜವೆ. ಎಣ್ಣೆ ಇಲ್ಲ, ಧೂಪ ಇಲ್ಲ. ಸಂತೋಷದ ಗುರುತು ಒಂದೂ ಬೇಡ ಎಂದೇ ಕಾಣುತ್ತದೆ. ಇದೇ ಭಯವನ್ನು ಚಾರೆಪ್ತದ ವಿಧವೆಯ ಬಾಯಲ್ಲೂ ಕೇಳುತ್ತೇವೆ. ಮಗ ಸತ್ತಾಗ ಅವಳು ಪ್ರವಾದಿ ಎಲೀಯನಿಗೆ, ನನ್ನ ಪಾಪವನ್ನು ನೆನಪಿಗೆ ತಂದು ಮಗನನ್ನು ಕೊಲ್ಲಲು ಬಂದೆಯಾ ಎನ್ನುತ್ತಾಳೆ. ದೇವರ ಕಣ್ಣಿಗೆ ಬೀಳದೆ ಇರುವುದೇ ಮೇಲು ಅನ್ನಿಸುವ ಗಳಿಗೆ ಅದು.

ಈ ಅಧ್ಯಾಯ ಓದುವಾಗ ನನಗೆ ಪ್ರತಿ ಸಲವೂ ಆ ಹೆಂಗಸಿನ ಪರ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಸಂಶಯ ಗಂಡನದು, ತಲೆಗೂದಲು ಬಿಚ್ಚಿ ನೈವೇದ್ಯ ಕೈಯಲ್ಲಿ ಹಿಡಿದು ನಿಲ್ಲಬೇಕಾದವಳು ಅವಳು. ಕ್ರಿ.ಶ. ಮೊದಲ ಶತಮಾನದಲ್ಲಿ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯ್ ಈ ವಿಧಿಯನ್ನು ನಿಲ್ಲಿಸಿದರು ಎಂದು ಮಿಷ್ನಾ ದಾಖಲಿಸುತ್ತದೆ.

ಎಣ್ಣೆ, ಧೂಪ ಇಲ್ಲದ ಹಿಟ್ಟು ಇನ್ನೊಂದು ಕಡೆಯೂ ಬರುತ್ತದೆ, ಯಾಜಕಕಾಂಡ 5ರಲ್ಲಿ. ಪಾಪ ಮಾಡಿದವನಿಗೆ ಕುರಿ ಕೊಡಲು ಆಗದಿದ್ದರೆ 2 ಪಾರಿವಾಳ, ಅದೂ ಆಗದಿದ್ದರೆ ಏಫಾ ಎಂಬ ಅಳತೆಯ ಹತ್ತನೆಯ ಒಂದು ಪಾಲು ಹಿಟ್ಟು, ಅಂದಾಜು 2 ಲೀಟರ್ ಹಿಡಿಸುವ ಪಾತ್ರೆಯಷ್ಟು. ಅದರಿಂದಲೂ ಅದೇ ಹಿಡಿ, ಅದೇ ವೇದಿ, ಅದೇ ಕ್ಷಮೆ. ರಕ್ತವಿಲ್ಲದೆ ಕ್ಷಮೆಯೇ ಇಲ್ಲ ಎಂದು ಉಪದೇಶ ಮಾಡುವವರು ಈ ಮೂರು ವಚನಗಳನ್ನು ಯಾಕೋ ದಾಟಿಕೊಂಡು ಹೋಗುತ್ತಾರೆ.

ಜೋಸೆಫ್: ಹಾಗಾದರೆ ನಾವು ಕಥೋಲಿಕರು ಸತ್ತವರ ಹೆಸರಿನಲ್ಲಿ ಪೂಜೆ ಕೊಡುವುದಕ್ಕೆ ಹೀಬ್ರೂ ಬುಡವೇ ಇಲ್ಲವಾ?

ಉತ್ತರ: ಇದೆ, ಆದರೆ ಈ ಹಿಡಿಯಲ್ಲಲ್ಲ. ನಿಮ್ಮ ಬೈಬಲ್ಲಿನ ಮಕ್ಕಬಿಯರ ಎರಡನೆಯ ಪುಸ್ತಕ, 12ನೆಯ ಅಧ್ಯಾಯ ತೆಗೆಯಿರಿ. ಯೆಹೂದ್ಯರ ದಳಪತಿ ಯೂದನು ಯುದ್ಧದಲ್ಲಿ ಮಡಿದವರ ಪಾಪಕ್ಕಾಗಿ ಬಲಿ ಕೊಡಿಸಲು ಹಣ ಕೂಡಿಸಿ ಜೆರುಸಲೇಮಿಗೆ ಕಳಿಸುತ್ತಾನೆ. ಯೆಹೂದ್ಯರಲ್ಲಿ ಇಂದು ನಡೆಯುವ ‘ಯಿಜ್ಕೋರ್’ ಎಂಬ ಮೃತರ ಪ್ರಾರ್ಥನೆ ಯೂರೋಪಿನಲ್ಲಿ, 1096ರ ಕ್ರುಸೇಡ್ ಹತ್ಯೆಗಳ ನಂತರ ಬೆಳೆದದ್ದು. ಇಂದಿನ ಇಸ್ರೇಲಿನಲ್ಲಿ ಅಜ್ಕಾರಾ ಅಂದರೆ ಸತ್ತವರ ಸ್ಮರಣೆಯ ಕಾರ್ಯವೇ, ಗೊಂದಲವಾಗುವುದು ಸಹಜ. ಹಳೆಯ ಅರ್ಥ ಬೇಕಿದ್ದರೆ ನಿಮ್ಮದೇ ಬೈಬಲ್ಲಿನ ಸಿರಾಖ 38 ನೋಡಿ: ಕಾಯಿಲೆ ಬಿದ್ದವನು ಪ್ರಾರ್ಥಿಸಲಿ, ಹಿಟ್ಟಿನ ಜ್ಞಾಪಕ ಅರ್ಪಿಸಲಿ, ಆಮೇಲೆ ವೈದ್ಯನಿಗೂ ದಾರಿ ಬಿಡಲಿ ಎನ್ನುತ್ತದೆ.

ಶ್ರೀನಿಧಿ: ಇನ್ನೊಂದೇ ಪ್ರಶ್ನೆ. ಗ್ರಂಥದ ಹೊರಗೆ ಇದಕ್ಕೆಲ್ಲ ಸಾಕ್ಷಿ ಸಿಕ್ಕಿದೆಯಾ?

ಉತ್ತರ: ಸಿಕ್ಕಿದೆ. ದಕ್ಷಿಣ ಇಸ್ರೇಲಿನ ತೆಲ್ ಅರಾದ್ ಕೋಟೆಯೊಳಗೆ ಯೂದಾಯ ಅರಸರ ಕಾಲದ ಒಂದು ಗುಡಿಯೇ ಸಿಕ್ಕಿದೆ. ಗರ್ಭಗುಡಿಯ ಬಾಗಿಲಲ್ಲಿ 2 ಸುಣ್ಣಕಲ್ಲಿನ ವೇದಿಗಳಿದ್ದವು. ಅವುಗಳ ಮೇಲೆ ಕರಕಲಾಗಿ ಅಂಟಿದ್ದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು: ದೊಡ್ಡದರ ಮೇಲೆ ಪ್ರಾಣಿಯ ಕೊಬ್ಬಿನೊಡನೆ ಬೆರೆತ ಧೂಪ, ಚಿಕ್ಕದರ ಮೇಲೆ ಸಗಣಿಯೊಡನೆ ಬೆರೆತ ಗಾಂಜಾ. ಗಾಂಜಾ ಪತ್ರಿಕೆಗಳ ತಲೆಬರಹವಾಯಿತು, ಆಗದೆ ಇರುತ್ತದೆಯೇ. ನನಗೆ ಮುಖ್ಯ ಅನ್ನಿಸಿದ್ದು ಧೂಪ. ದಕ್ಷಿಣ ಅರೇಬಿಯದಿಂದ ಮರುಭೂಮಿ ದಾಟಿ ಬರುತ್ತಿದ್ದ ದುಬಾರಿ ಸರಕು ಈ ಗಡಿಕೋಟೆಯಲ್ಲೂ ಸುಡುತ್ತಿತ್ತು.

ಈಜಿಪ್ಟಿನ ಎಲಿಫಾಂಟೈನ್ ನಡುಗಡ್ಡೆಯ ಯೆಹೂದ್ಯರ ದೇವಾಲಯ ಕ್ರಿ.ಪೂ. 410ರಲ್ಲಿ ನಾಶವಾಯಿತು. ಮತ್ತೆ ಕಟ್ಟಲು ಅನುಮತಿ ಕೇಳಿ 407ರಲ್ಲಿ ಅವರು ಬರೆದ ಪತ್ರದಲ್ಲಿ ಧಾನ್ಯನೈವೇದ್ಯ, ಧೂಪ, ಸರ್ವಾಂಗಹೋಮ (ಪ್ರಾಣಿಯನ್ನು ಪೂರ್ತಿ ಸುಡುವ ಬಲಿ) ಮೂರೂ ಇವೆ. ಅಧಿಕಾರಿಗಳಿಂದ ಬಂದ ಉತ್ತರದಲ್ಲಿ ಧಾನ್ಯನೈವೇದ್ಯ, ಧೂಪ ಎರಡೇ! ಮೂರನೆಯದನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೆ.

ಗೆರಿಜ್ಜೀಮ್ ಬೆಟ್ಟದ ಮೇಲೆ ಸಮಾರ್ಯದವರ ದೇವಾಲಯದ ಬಳಿ ಅರಮೇಯಿಕ್ ಭಾಷೆಯ ದಾನಶಾಸನಗಳು ನೂರಾರು ಸಿಕ್ಕಿವೆ. ಇಂಥವನು ತನಗಾಗಿ, ಹೆಂಡತಿಗಾಗಿ, ಮಕ್ಕಳಿಗಾಗಿ ಕೊಟ್ಟ ಕಲ್ಲು, ಈ ಸ್ಥಳದಲ್ಲಿ ದೇವರ ಮುಂದೆ ಒಳ್ಳೆಯ ನೆನಪಿಗಾಗಿ, ಎಂಬ ಧಾಟಿ. ಕೊಟ್ಟವರೆಲ್ಲ ಬದುಕಿದ್ದವರು. ಹಿಟ್ಟಿನ ಹಿಡಿ ಮಾಡುತ್ತಿದ್ದ ಕೆಲಸವನ್ನೇ ಆ ಕಲ್ಲುಗಳಿಂದಲೂ ಬಯಸಿದ್ದಾರೆ.

ಸುನೀತಾ: ತುಂಬ ಉಪಕಾರವಾಯಿತು ಮೇಡಂ. ಒಂದು ಮಾತ್ರ ಉಳಿಯಿತು. ಅಪೊಸ್ತಲರ ಕೃತ್ಯಗಳು 10ರಲ್ಲಿ ಕೊರ್ನೇಲ್ಯನ ಪ್ರಾರ್ಥನೆ, ದಾನಧರ್ಮ ‘ಜ್ಞಾಪಕಾರ್ಥವಾಗಿ ದೇವರ ಸನ್ನಿಧಿಗೆ ಏರಿಬಂದವು’ ಅನ್ನುವುದಕ್ಕೂ ಇದಕ್ಕೂ ನಂಟಿದೆಯಾ?

ಉತ್ತರ: ಇದೆ. ಯಾಜಕಕಾಂಡದ ಹಳೆಯ ಗ್ರೀಕ್ ಪಾಠದಲ್ಲಿ ಆ ಹಿಡಿಗೆ ಏನು ಹೆಸರಿದೆಯೋ ಈ ಪುಸ್ತಕ ಬರೆದ ಲೂಕ ಇಲ್ಲಿ ಅದನ್ನೇ ಇಟ್ಟಿದ್ದಾನೆ, ‘ಏರಿಬಂದವು’ ಎನ್ನುವುದೂ ಹೋಮದ ಹೊಗೆಯ ಮಾತೇ. ಸಮಯವೂ ಹೊಂದುತ್ತದೆ: ದೂತ ಬಂದದ್ದು ಮಧ್ಯಾಹ್ನ 3 ಗಂಟೆಗೆ, ಜೆರುಸಲೇಮಿನಲ್ಲಿ ಪ್ರಾರ್ಥನೆಯ ಹೊತ್ತಿಗೆ. ಯೆಹೂದ್ಯರು ಮಧ್ಯಾಹ್ನದ ಪ್ರಾರ್ಥನೆಯನ್ನು ಇಂದಿಗೂ ಧಾನ್ಯನೈವೇದ್ಯದ ಹೆಸರಿನಿಂದಲೇ ‘ಮಿನ್ಹಾ’ ಅನ್ನುತ್ತಾರೆ. ಕೊರ್ನೇಲ್ಯ ಕೈಸರೈಯದಲ್ಲಿದ್ದ ರೋಮನ್ ಶತಾಧಿಪತಿ, ಸುನ್ನತಿಯಾಗದವನು. ದೇವಾಲಯಕ್ಕೆ ಹೋಗಿದ್ದರೂ ಹೊರಾಂಗಣ ದಾಟುವ ಹಾಗಿರಲಿಲ್ಲ, ದಾಟಿದ ಅನ್ಯನಿಗೆ ಮರಣವೇ ಗತಿ ಎಂದು ಗ್ರೀಕ್‌ನಲ್ಲಿ ಕೆತ್ತಿ ನಿಲ್ಲಿಸಿದ್ದರು. ಆ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. ಫೋಟೊ ಸುಲಭವಾಗಿ ಸಿಗುತ್ತದೆ, ಮಕ್ಕಳಿಗೆ ತೋರಿಸಿ.