ಹತ್ತು ಮೀಟರ್ ಏರ್ ರೈಫಲ್: ಪೆಲೆಟ್ (ಸೀಸದ ಗುಂಡು) ಮೇಲೆ ಕೆಳಗೆ ಬೀಳ್ತಿದೆ, ಯಾರಾದ್ರೂ ದಾರಿ ಹೇಳಿ

ಗೋದಾಮು ಗುರಿ, ದಾವಣಗೆರೆ (ಸೋಮವಾರ ರಾತ್ರಿ)
ಸಾಕಾಗಿ ಹೋಗಿದೆ. ಮೂರು ವಾರದಿಂದ ಇದೇ ಗೋಳು. ಮೊದಲು ಐದು ಹೊಡೆದರೆ ಒಂದೇ ತೂತು, ಕಡಲೆಕಾಳಿನಷ್ಟು. ಈಗ ಒಂದು ರೂಪಾಯಿ ನಾಣ್ಯ ಇಟ್ಟರೆ ಕಷ್ಟಪಟ್ಟು ಮುಚ್ಚುತ್ತದೆ. ಎಡ ಬಲ ಸರಿ ಇದೆ. ಮೇಲೆ ಕೆಳಗೆ ಮಾತ್ರ, ಏಣಿ ಇಟ್ಟ ಹಾಗೆ. ರೈಫಲ್ ಅದೇ, ಪೆಲೆಟ್ ಅದೇ, ಜಾಗ ಅದೇ. ಏನೂ ಬದಲಾಯಿಸಿಲ್ಲ. ಬ್ಯಾರೆಲ್ ಒಳಗೆ ಫೆಲ್ಟ್ ಬಟ್ಟೆ ತೂರಿಸಿ ಒರೆಸಿದ್ದೂ ಆಯ್ತು. ಮುಂದಿನ ತಿಂಗಳು ಕ್ಲಬ್ ಮ್ಯಾಚ್ ಇದೆ.

ನಾಲ್ಕೂವರೆ ಎಂಎಂ
"ಪೆಲೆಟ್ ಅದೇ" ಅಂದ್ರೆ ಯಾವುದು ಸರ್? ಡಬ್ಬಿ ಹೊಸದಾ ಹಳೇದಾ? ಪೆಲೆಟ್ಟಿನ ತಲೆ ಅಳತೆ 4.49 ಎಂಎಂ ಆ, 4.50 ಆ? ಡಬ್ಬಿ ಹಿಂದೆ ಸ್ಟಿಕರ್ ಇರುತ್ತದೆ, ನೋಡಿ. ಹೆಸರು ಒಂದೇ ಇದ್ದರೂ ಲಾಟ್ (ಒಂದೇ ಸಲ ತಯಾರಾದ ಕಂತು) ಬೇರೆ ಆದರೆ ಪೆಲೆಟ್ಟೂ ಬೇರೆ. ನಾನು ಒಡವೆ ತೂಗುವ ತಕ್ಕಡಿಯಲ್ಲಿ ಒಂದೊಂದೇ ತೂಗುತ್ತೇನೆ. 0.53 ಗ್ರಾಂ ಬಂದದ್ದು ಮ್ಯಾಚಿಗೆ, ಉಳಿದದ್ದು ಅಭ್ಯಾಸಕ್ಕೆ.

ಬೆಣ್ಣೆದೋಸೆ 10.9
ಸಿಲಿಂಡರಲ್ಲಿ ಎಷ್ಟು ಬಾರ್ ಒತ್ತಡ ಇದೆ ಅಂತಲೇ ಬರೆದಿಲ್ಲವಲ್ಲ ಅಣ್ಣಾ. ಪಿಸಿಪಿ, ಅಂದ್ರೆ ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಡುವ ರೈಫಲ್ ತಾನೇ? ನನಗನಿಸುವುದು ರೆಗ್ಯುಲೇಟರ್, ಪ್ರತಿ ಏಟಿಗೂ ಒಂದೇ ಒತ್ತಡದ ಗಾಳಿ ಬಿಡುವ ಭಾಗ. ಹತ್ತು ನಿಮಿಷ ಸುಮ್ನೆ ಇಟ್ಟು ಮೊದಲನೇ ಏಟು ಹೊಡೆಯಿರಿ. ಅದೊಂದು ಮೇಲೆ ಹೋಗಿ, ಉಳಿದ ನಾಲ್ಕು ಕೆಳಗೆ ಕೂತರೆ ರೆಗ್ಯುಲೇಟರ್ ಒಳಗೆ ಗಾಳಿ ಸೋರಿ ಒತ್ತಡ ಏರ್ತಿದೆ ಅಂತ ಅರ್ಥ. ಅಂದ ಹಾಗೆ ನನ್ನ ಹಳೇ ಕೈಪಂಪ್ ಕೊಡೋದಿದೆ, ಬೇಕಾದವರು ಮೆಸೇಜ್ ಮಾಡಿ.

ಗೋದಾಮು ಗುರಿ
ಹೌದು, ಪಿಸಿಪಿ. ಜರ್ಮನ್ ಮ್ಯಾಚ್ ರೈಫಲ್, ಸೆಕೆಂಡ್ ಹ್ಯಾಂಡ್. 200 ಬಾರ್ ತುಂಬಿಸಿ 100ಕ್ಕೆ ಇಳಿಯೋವರೆಗೆ ಹೊಡೆಯುತ್ತೇನೆ. ನೀವು ಹೇಳಿದ ಹಾಗೇ ಮಾಡಿದೆ. ಮೊದಲನೆಯದು ಒಮ್ಮೆ ಮೇಲೆ ಹೋಯ್ತು, ಇನ್ನೊಮ್ಮೆ ಕೆಳಗೆ. ಪೆಲೆಟ್ 4.50, ಒಂದೇ ಲಾಟಿನ ಹತ್ತು ಡಬ್ಬಿ ತಂದಿದ್ದೆ, ಇದು ಆರನೆಯದು.

ನಾಲ್ಕೂವರೆ ಎಂಎಂ
ಆರನೇ ಡಬ್ಬಿ! ಅಲ್ಲೇ ಇದೆ ನೋಡಿ. ಕೊರಿಯರಿನವರು ಎಸೆದಿರುತ್ತಾರೆ. ಸೀಸ ಅಂದ್ರೆ ಮೆತ್ತಗೆ, ಪೆಲೆಟ್ಟಿನ ಲಂಗ (ಹಿಂದಿನ ತೆಳು ಅಂಚು) ಒಂದು ಕಡೆ ನೆಗ್ಗಿದರೂ ಮುಗೀತು. ಬಿಳಿ ಕಾಗದದ ಮೇಲೆ ಸುರಿದು ಲೆನ್ಸ್ ಹಿಡಿದು ನೋಡಿ.

ದುರ್ಗದ ಕೋವಿ, ಚಿತ್ರದುರ್ಗ
ನಮ್ಮ ಭಾವ ಅಮೆರಿಕದಲ್ಲಿದ್ದಾರೆ. .375 ಎಚ್ ಆಂಡ್ ಎಚ್ (ಹಾಲೆಂಡ್ ಆಂಡ್ ಹಾಲೆಂಡ್) ರೈಫಲ್ ಇದೆ, 1912ರಲ್ಲಿ ಬಂದ ಕಾಡತೂಸು ಅದು. ಅವರು ತೋಟಾ ಅಂಗಡಿಯಲ್ಲಿ ತರೋದೇ ಇಲ್ಲ, ಮನೇಲೇ ತುಂಬುತ್ತಾರೆ. ಹೊಡೆದ ಹಿತ್ತಾಳೆ ಕೇಸ್ ಮತ್ತೆ ಅಳತೆಗೆ ತಂದು, ಮದ್ದನ್ನು ಗ್ರೇನ್ ಅನ್ನೋ ಸಣ್ಣ ತೂಕದ ಹತ್ತನೇ ಒಂದು ಭಾಗದವರೆಗೆ ತೂಗಿ ಹಾಕುತ್ತಾರೆ. ಮದ್ದು ಹೆಚ್ಚುಕಮ್ಮಿ ಆದರೆ ವೇಗ ಹೆಚ್ಚುಕಮ್ಮಿ, ಆಗ ಗುಂಡು ಹೀಗೇ ಏಣಿ ಹಾಕುತ್ತದಂತೆ. ನಿಮ್ಮದೂ ಅದೇ ಕಾಯಿಲೆ. ಮದ್ದಿನ ಬದಲು ಗಾಳಿ ಅಷ್ಟೇ. ಭಾವನ ಬೆಂಚಿನ ಫೋಟೋ ಹಾಕ್ತೀನಿ ಇರಿ, ತೋಟಾ ತುಂಬುವ ಪ್ರೆಸ್ ಮೂರು ಇದಾವೆ.

ಹಳೇ ಬಾರ್ ರೂಮ್
ಫೋಟೋ ಹಾಕಿ, ಆದರೆ ಯಾರಿಗೂ ಆಸೆ ಹುಟ್ಟಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಶೋಕಿ ಬೇಟೆಯೂ ಇಲ್ಲ.

ದುರ್ಗದ ಕೋವಿ
ನಾನೆಲ್ಲಿ ಬೇಟೆ ಅಂದೆ ಯಜಮಾನ್ರೆ? ಭಾವನ ಸುದ್ದಿ ಹೇಳಿದೆ ಅಷ್ಟೇ. ಹಾಗೆ ನೋಡಿದರೆ ಇವರ ಏರ್ ರೈಫಲ್ಲಿಗೂ ಲೈಸೆನ್ಸ್ ಕೇಳ್ತೀರೇನು?

ಹಳೇ ಬಾರ್ ರೂಮ್
.177 ಬೋರ್ (ನಾಲ್ಕೂವರೆ ಎಂಎಂ ನಳಿಗೆ), 20 ಜೌಲ್ ಶಕ್ತಿಯ ಒಳಗಿದ್ದರೆ ಬೇಡ. 2016ರ ಶಸ್ತ್ರಾಸ್ತ್ರ ನಿಯಮ ಓದಿ.

ಲೆಕ್ಕದ ಮೇಷ್ಟ್ರು, ಹರಿಹರ
ಇವರದು 0.53 ಗ್ರಾಂ, ಸೆಕೆಂಡಿಗೆ 175 ಮೀಟರ್ ಅಂತ ಹಿಡಿದರೆ ಸುಮಾರು 8 ಜೌಲ್. ಆ ಜಗಳ ಅಲ್ಲಿಗೆ ಬಿಡಿ.

ಈಗ ವೇಗದ ವಿಷಯ. 175ರಲ್ಲಿ ಹೋಗುವ ಪೆಲೆಟ್ ಹತ್ತು ಮೀಟರ್ ದಾಟಲು 0.057 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 16 ಮಿಲಿಮೀಟರ್ ಕೆಳಗೆ ಬೀಳುತ್ತದೆ. ವೇಗ 165ಕ್ಕೆ ಇಳಿದರೆ 18 ಮಿಲಿಮೀಟರ್. ವ್ಯತ್ಯಾಸ ಎರಡೇ ಮಿಲಿಮೀಟರ್. ಒಂದು ರೂಪಾಯಿ ನಾಣ್ಯ ಸುಮಾರು 22 ಮಿಲಿಮೀಟರ್, ತೂತಿನ ಅಗಲ ಕಳೆದರೂ ಹದಿನೇಳು ಉಳಿಯಿತು. ಅಷ್ಟು ವ್ಯತ್ಯಾಸ ಬರಬೇಕಾದರೆ ವೇಗ 120ರ ಹತ್ತಿರ ಬೀಳಬೇಕು. ಹಾಗಾದರೆ ಕಿವಿಗೇ ಗೊತ್ತಾಗುತ್ತದೆ, ಸದ್ದೇ ಬೇರೆ ಇರುತ್ತದೆ. ಭಾವನವರ ಕಾಯಿಲೆ ಮುನ್ನೂರು ಮೀಟರಿನದು. ಇದು ಅದಲ್ಲ.

ಹಿಂದಿನ ಸೈಟ್ (ಗುರಿ ನೋಡುವ ಕಿಂಡಿ) ಅಲುಗಾಡ್ತಿದೆಯಾ ನೋಡಿ. ಎರಡು ಸೈಟಿನ ನಡುವೆ 70 ಸೆಂಟಿಮೀಟರ್ ಇದ್ದರೆ, ಹಿಂದಿನದು ಕಾಲು ಮಿಲಿಮೀಟರ್ ಅಲುಗಿದರೂ ಕಾಗದದ ಮೇಲೆ ಮೂರೂವರೆ ಆಗುತ್ತದೆ.

ಬೆಣ್ಣೆದೋಸೆ 10.9
ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದರೂ ರೆಗ್ಯುಲೇಟರ್ ಸರ್ವಿಸ್ ಮಾಡಿಸಿದರೆ ನಷ್ಟ ಏನಿಲ್ಲ ಅಲ್ವಾ?

ಗೋದಾಮು ಗುರಿ (ಗುರುವಾರ)
ಸೈಟ್ ಸ್ಕ್ರೂ ಎಲ್ಲ ಬಿಗಿ ಇದೆ. ಕೈಯಲ್ಲಿ ಹಿಡಿದು ಜಗ್ಗಿದೆ, ಕದಲಲಿಲ್ಲ. ಅರ್ಧ ತುಂಬಿದ ಮೆಕ್ಕೆಜೋಳದ ಚೀಲ ಮೇಜಿನ ಮೇಲೆ ಹಾಕಿ, ನಡುವೆ ಕೈಯಿಂದ ಗುಳಿ ಮಾಡಿ, ರೈಫಲ್ ಅದರಲ್ಲಿ ಕೂರಿಸಿ ಹೊಡೆದೆ. ಉಸಿರು, ಕೈ ನಡುಕ ಏನೂ ಲೆಕ್ಕಕ್ಕಿಲ್ಲ. ಆದರೂ ಏಣಿ! ಐದರಲ್ಲಿ ಎರಡು ಮೇಲೆ, ಮೂರು ಕೆಳಗೆ. ತಲೆ ಕೆಟ್ಟು ಶಟರ್ ಎಳೆದು ಬಂದೆ.

ನಾಲ್ಕೂವರೆ ಎಂಎಂ
ಚೀಲದ ಮೇಲಿಟ್ಟರೂ ಹಾಗೇ ಅಂದ್ರೆ ಮನುಷ್ಯನ ತಪ್ಪಲ್ಲ. ಪೆಲೆಟ್. ಮೊದಲ ದಿನದಿಂದ ಹೇಳ್ತಿದ್ದೇನೆ.

ಲೆಕ್ಕದ ಮೇಷ್ಟ್ರು
ಅದೇ ಚೀಲ, ಅದೇ ಡಬ್ಬಿ, ಬೇರೆಯವರ ಕೈಗೆ ಕೊಡಿ. ಒಂದೇ ಸಲ ಸಾಕು.

ಗೋದಾಮು ಗುರಿ (ಭಾನುವಾರ)
ಅಕ್ಕನ ಮಗಳು ಬಂದಿದ್ದಳು, ಕಾಲೇಜು ತಂಡದಲ್ಲಿ ಹೊಡೆಯುತ್ತಾಳೆ. ಚೀಲದ ಮೇಲೆ ಐದು ಹೊಡೆದಳು. ಒಂದೇ ತೂತು. "ಮಾವಾ, ಚೆನ್ನಾಗಿದೆಯಲ್ಲ ರೈಫಲ್" ಅಂದಳು. ಆಮೇಲೆ ಕನ್ನಡಕ ಒರೆಸಿಕೊಂಡು ನಾನು ಕೂತೆ. ಏಣಿ. ನನಗೀಗ ಸಿಟ್ಟು ಬರುತ್ತಾ ಇಲ್ಲ, ನಗು ಬರ್ತಿದೆ.

ಲೆಕ್ಕದ ಮೇಷ್ಟ್ರು
ಒಂದು ನಿಮಿಷ. ಯಾವ ಕನ್ನಡಕ? ವಯಸ್ಸೆಷ್ಟು ನಿಮಗೆ?

ಗೋದಾಮು ಗುರಿ
47. ಪೇಪರ್ ಓದೋಕೆ ಆಗ್ತಿರಲಿಲ್ಲ ಅಂತ ಹೋದ ತಿಂಗಳು ಹೊಸದು ಮಾಡಿಸಿದೆ, ಪ್ರೋಗ್ರೆಸ್ಸಿವ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೆಣ್ಣೆದೋಸೆ 10.9
"ಏನೂ ಬದಲಾಯಿಸಿಲ್ಲ" ಅಂದಿದ್ರಲ್ಲ ಸ್ವಾಮಿ!! ನಾನು ಒಂದು ವಾರ ರೆಗ್ಯುಲೇಟರ್ ಬಗ್ಗೆ ಬರೆದೆ.

ಗೋದಾಮು ಗುರಿ
ರೈಫಲ್ಲಲ್ಲಿ ಏನೂ ಬದಲಾಯಿಸಿಲ್ಲ ಅಂತ.

ಲೆಕ್ಕದ ಮೇಷ್ಟ್ರು
ಪ್ರೋಗ್ರೆಸ್ಸಿವ್ ಗಾಜಲ್ಲಿ ಮೇಲ್ಭಾಗ ದೂರಕ್ಕೆ, ಕೆಳಭಾಗ ಹತ್ತಿರಕ್ಕೆ, ನಡುವೆ ಮೆಲ್ಲಗೆ ಬದಲಾಗುತ್ತಾ ಹೋಗುತ್ತದೆ. ಕೆನ್ನೆಯನ್ನು ಸ್ಟಾಕಿಗೆ (ರೈಫಲ್ಲಿನ ಹಿಂಬದಿಗೆ) ಒತ್ತಿದಾಗ ಒಂದು ಏಟಿಗೆ ಗಾಜಿನ ಮೇಲ್ಭಾಗದಿಂದ ನೋಡ್ತೀರಿ, ಇನ್ನೊಂದಕ್ಕೆ ಸ್ವಲ್ಪ ಕೆಳಗಿನಿಂದ. ಎರಡು ಸಲಕ್ಕೂ ಮುಂದಿನ ರಿಂಗ್ (ಬ್ಯಾರೆಲ್ ತುದಿಯ ಸೈಟ್) ಒಂದೇ ಥರ ಕಾಣಲ್ಲ. ಅದಕ್ಕೇ ಎಡ ಬಲ ಸರಿ, ಮೇಲೆ ಕೆಳಗೆ ಹಾಳು. ಹಳೇ ಕನ್ನಡಕ ಇದೆಯಾ?

ಗೋದಾಮು ಗುರಿ (ರಾತ್ರಿ 11)
ಬೀರುವಿನಲ್ಲಿತ್ತು, ಒಂದು ಕಡ್ಡಿ ಮುರಿದಿದೆ. ದಾರ ಕಟ್ಟಿಕೊಂಡು ಮತ್ತೆ ಗೋದಾಮಿಗೆ ಹೋದೆ. ಮನೆಯವಳು ಬೈದಳು. ಐದು ಹೊಡೆದೆ: ನಾಲ್ಕು ಒಂದೇ ತೂತು, ಐದನೆಯದು ಅದಕ್ಕೆ ಅಂಟಿಕೊಂಡಿದೆ. ಫೋಟೋ ಹಾಕಿದ್ದೇನೆ. ಮುಂದಿನ ರಿಂಗ್ ಸ್ವಲ್ಪ ಮಂಕು, ಆದರೆ ಪ್ರತಿ ಸಲ ಒಂದೇ ಮಂಕು.

ಲೆಕ್ಕದ ಮೇಷ್ಟ್ರು
ಗುರಿಗೆ ಅಂತಲೇ ಒಂದು ಸಿಂಗಲ್ ವಿಷನ್ ಕನ್ನಡಕ (ಇಡೀ ಗಾಜಿಗೆ ಒಂದೇ ನಂಬರ್) ಮಾಡಿಸಿಕೊಳ್ಳಿ. ನಮ್ಮಲ್ಲಿ ತುಂಬಾ ಜನ ದೂರದ ನಂಬರಿಗೆ ಪ್ಲಸ್ 0.5 ಸೇರಿಸಿ ಹಾಕಿಸುತ್ತಾರೆ. ಮುಂದಿನ ರಿಂಗ್ ಚೂಪಾಗಿ ಕಾಣುತ್ತದೆ, ಗುರಿ ಒಂಚೂರು ಮಂಕಾದರೂ ನಡೆಯುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಕಣ್ಣಿನಿಂದ ಮುಂದಿನ ರಿಂಗಿಗೆ ಇರುವ ದೂರ ಅಳೆದುಕೊಂಡು ಹೋಗಿ.

ದುರ್ಗದ ಕೋವಿ
ಭಾವನಿಗೂ ಕನ್ನಡಕ ಇದೆ. ಕೇಳ್ತೀನಿ. ಬೆಂಚಿನ ಫೋಟೋ ಇಲ್ಲಿದೆ ನೋಡಿ, ಎಡಗಡೆ ಇರೋದು ಹೊಸ ಪ್ರೆಸ್.

ನಾಲ್ಕೂವರೆ ಎಂಎಂ
ಐದನೆಯದು ಯಾಕೆ ಹೊರಗೆ ಹೋಯ್ತು ಅಂತ ಯಾರೂ ಕೇಳ್ತಿಲ್ಲ. 4.49 ಒಂದು ಡಬ್ಬಿ ತಂದು ನೋಡಿ ಸರ್.

ಹೊಸಬ 177
ನಮಸ್ಕಾರ, ಆ ಕೈಪಂಪ್ ಇನ್ನೂ ಇದೆಯಾ? ಎಷ್ಟಕ್ಕೆ?