ಕೆಮಲ್ಲಾಕ್‌ಗೆ (ಲಿನಕ್ಸ್ ಕರ್ನೆಲ್ ಒಳಗೆ ಮೆಮೊರಿ ಕೇಳುವ ಫಂಕ್ಷನ್) ತಪ್ಪು ಫ್ಲ್ಯಾಗ್ ಕೊಟ್ಟರೂ ಮೆಮೊರಿ ಸಿಗುತ್ತಿದೆ, ವಾರ್ನಿಂಗ್ ಮಾತ್ರ ಆಗಾಗ. ಯಾಕೆ?

ಸಿರುಗುಪ್ಪ_ಕೋಡರ್:
ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ತೇವ ಅಳೆಯುವ ಸೆನ್ಸರ್ ಇದೆ, ಅದರ ಲಿನಕ್ಸ್ ಡ್ರೈವರ್ ಈಗ ನನ್ನ ಕೈಗೆ ಬಂದಿದೆ. 32-ಬಿಟ್ ಆರ್ಮ್ ಬೋರ್ಡು. ಮುಂಚೆ ಬರೆದವರು ಕೆಮಲ್ಲಾಕ್‌ಗೆ ಜಿಎಫ್‌ಪಿ_ಕರ್ನೆಲ್ (ಮಾಮೂಲಿ ಫ್ಲ್ಯಾಗ್, ಬೇಕಾದರೆ ನಿದ್ದೆ ಹೋಗಿ ಕಾಯುತ್ತದೆ) ಜೊತೆ __ಜಿಎಫ್‌ಪಿ_ಹೈಮೆಮ್ (ಹೈ ಮೆಮೊರಿ ಪೇಜಾದರೂ ಆದೀತು ಅನ್ನುವ ಬಿಟ್) ಕೂಡ ಸೇರಿಸಿಬಿಟ್ಟಿದ್ದಾರೆ. ಕರ್ನೆಲ್ ಲಾಗ್‌ನಲ್ಲಿ 'ಅನ್‌ಎಕ್ಸ್‌ಪೆಕ್ಟೆಡ್ ಜಿಎಫ್‌ಪಿ' ಅಂತ ಶುರುವಾಗಿ 'ಫಿಕ್ಸ್ ಯುವರ್ ಕೋಡ್!' ಅಂತ ಬೈಯುತ್ತದೆ, ಆದರೆ ಕೆಲವು ದಿನ ಏನೂ ಇಲ್ಲ, ಸುಮ್ನೆ ಓಡುತ್ತದೆ. ಫ್ಲ್ಯಾಗ್ ತಪ್ಪು ಅಂತ ಗೊತ್ತಾದ ಮೇಲೆ ನಲ್ (ಖಾಲಿ ಪಾಯಿಂಟರ್, ಅಂದರೆ 'ಸಿಗಲಿಲ್ಲ') ಕೊಡಬೇಕಿತ್ತು ಅಲ್ವಾ?

ಕೋಟೆ_ಕರ್ನೆಲ್ (ಬಳ್ಳಾರಿ):
ಆ ಚೆಕ್ ಇರುವುದು ಹೊಸ ಸ್ಲ್ಯಾಬ್ (ಒಂದೇ ಅಳತೆಯ ಆಬ್ಜೆಕ್ಟುಗಳಾಗಿ ಹಂಚಿದ ಪೇಜುಗಳು) ತರುವ ಜಾಗದಲ್ಲಿ. ನಿಮ್ಮ ಅಳತೆಯ ಖಾಲಿ ಆಬ್ಜೆಕ್ಟ್ ಆಗಲೇ ಇದ್ದರೆ ಅದನ್ನೇ ಎತ್ತಿ ಕೊಡುತ್ತದೆ, ಈ ಬಿಟ್ ಕಡೆ ನೋಡುವುದೇ ಇಲ್ಲ, ಯಾಕೆಂದರೆ ಆ ದಾರಿಯಲ್ಲಿ ಓಡಾಟ ಅಷ್ಟು ಜಾಸ್ತಿ, ಒಂದು ಇಫ್ ಕೂಡ ಭಾರ. ಖಾಲಿ ಮುಗಿದು ಪೇಜ್ ಅಲೊಕೇಟರ್ (ಪೇಜುಗಟ್ಟಲೆ ಮೆಮೊರಿ ಕೊಡುವ ಭಾಗ) ಹತ್ತಿರ ಹೋಗುವಾಗ ಮಾತ್ರ ತಪ್ಪು ಬಿಟ್ ತೆಗೆದು, ಬೈದು, ಮುಂದೆ ಹೋಗುತ್ತದೆ. ಲಾಗ್ ಖಾಲಿ ಇದ್ದ ದಿನವೂ ಕೋಡು ತಪ್ಪೇ. ಹೈಮೆಮ್ ಪೇಜಿಗೆ ಕಾಯಂ ಕರ್ನೆಲ್ ಅಡ್ರೆಸ್ ಇರುವುದಿಲ್ಲ, ಕೆಮಲ್ಲಾಕ್ ಕೊಡಬೇಕಾದದ್ದು ಅಂಥ ಅಡ್ರೆಸ್ಸನ್ನೇ.
ನಲ್ ಕೊಟ್ಟರೆ ಡ್ರೈವರ್ 'ಮೆಮೊರಿ ಮುಗಿದಿದೆ' ಅಂದುಕೊಳ್ಳುತ್ತದೆ. ನೀವು ರ್‍ಯಾಮ್ ಹುಡುಕುತ್ತಾ ಕೂರುತ್ತೀರಿ.

ರಾಯಚೂರು_ಬಿಟ್:
ಮೊದಲು ಅಲ್ಲಿ ಬಗ್_ಆನ್ ಇತ್ತು, ತಪ್ಪು ಫ್ಲ್ಯಾಗ್ ಬಂದರೆ ಅಲ್ಲೇ ಕ್ರ್ಯಾಶ್. ಅದೇ ಚೆನ್ನಾಗಿತ್ತು. ಈಗ ಮೆತ್ತಗೆ ಸರಿ ಮಾಡಿಕೊಡುವುದರಿಂದಲೇ ಇಂಥ ಕೋಡು ವರ್ಷಗಟ್ಟಲೆ ಬದುಕುತ್ತದೆ.

ಕೋಟೆ_ಕರ್ನೆಲ್:
ಸುಗ್ಗಿಯಲ್ಲಿ ರಾತ್ರಿ ಬೋರ್ಡು ಮಲಗಿದರೆ ಮಿಲ್ ಓನರ್ ಫೋನ್ ನೀವು ಎತ್ತುತ್ತೀರಾ? :) ಪ್ಯಾನಿಕ್_ಆನ್_ವಾರ್ನ್ (ವಾರ್ನ್ ಬಂದ ಕೂಡಲೇ ಕರ್ನೆಲ್ ನಿಲ್ಲಿಸುವ ಸೆಟ್ಟಿಂಗ್) ಹಾಕಿದರೂ ಇದು ಸಿಕ್ಕುವುದಿಲ್ಲ, ಇದು ವಾರ್ನ್ ಮ್ಯಾಕ್ರೋ ಅಲ್ಲ, ಬರೀ ಪ್ರಿಂಟ್ ಮತ್ತು ಸ್ಟ್ಯಾಕ್ ಡಂಪ್. ಟೆಸ್ಟ್ ಮಾಡುವಾಗ ಲಾಗ್ ಜಾಲಾಡಿ.

ತುಂಗಭದ್ರಾ_ದೇವ್:
ಹೈಮೆಮ್ ಬಿಡಿ, ಅದನ್ನು ಅಲೊಕೇಟರೇ ಸರಿ ಮಾಡಬಲ್ಲದು. ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಕರೆದಾಗ ಓಡುವ ಕೋಡು) ಒಳಗೆ ಜಿಎಫ್‌ಪಿ_ಕರ್ನೆಲ್ ಕೊಟ್ಟರೆ? ಅಲ್ಲಿ ಒಂದು ಬಿಟ್ಟೂ ತಪ್ಪಿಲ್ಲ, ಜಾಗ ತಪ್ಪು. ಅಲ್ಲಿ ನಿದ್ದೆ ಹೋಗುವಂತಿಲ್ಲ, ನಿದ್ದೆ ಹೋಗದ ಜಿಎಫ್‌ಪಿ_ಅಟಾಮಿಕ್ ಬೇಕು. ಕಾನ್ಫಿಗ್_ಡೀಬಗ್_ಅಟಾಮಿಕ್_ಸ್ಲೀಪ್ (ನಿದ್ದೆ ಹೋಗಬಾರದ ಕಡೆ ಹೋದರೆ ಹಿಡಿಯುವ ಆಯ್ಕೆ) ಹಾಕಿ ಬಿಲ್ಡ್ ಮಾಡಿ ನೋಡಿ. ಸೈಜೂ ಫ್ಲ್ಯಾಗೂ ಅದಲುಬದಲಾದರೆ ಸ್ಪಾರ್ಸ್ (ಕರ್ನೆಲ್ ಕೋಡನ್ನು ಓಡಿಸದೆ ಪರೀಕ್ಷಿಸುವ ಟೂಲ್) ಹಿಡಿಯುತ್ತದೆ, ಅದನ್ನೂ ಓಡಿಸಿ.

ಸಿರುಗುಪ್ಪ_ಕೋಡರ್:
ಹೈಮೆಮ್ ತೆಗೆದೆ. ಹ್ಯಾಂಡ್ಲರ್‌ನಲ್ಲೂ ಒಂದು ಜಿಎಫ್‌ಪಿ_ಕರ್ನೆಲ್ ಇದೆ, ಆದರೆ ಅದು ಥ್ರೆಡೆಡ್ ಐಆರ್‌ಕ್ಯೂ (ಇಂಟರಪ್ಟ್ ಕೆಲಸ ಬೇರೆ ಥ್ರೆಡ್‌ನಲ್ಲಿ). ಪರವಾಗಿಲ್ಲ ತಾನೇ?

ತುಂಗಭದ್ರಾ_ದೇವ್:
ಥ್ರೆಡ್ ಫಂಕ್ಷನ್‌ನಲ್ಲಿ ಇದ್ದರೆ ಪರವಾಗಿಲ್ಲ. ಮೇಲೆ ಸ್ಪಿನ್‌ಲಾಕ್ (ಹಿಡಿದಿರುವಾಗ ನಿದ್ದೆ ಹೋಗಬಾರದ ಬೀಗ) ಹಿಡಿದಿದ್ದಾರಾ ನೋಡಿಕೊಳ್ಳಿ.